ಬಣ್ಣ ಹೊಡೆಯುವ ಮುನ್ನ ಕೆರೆದು ನೋಡಿ

ಕಳೆದ ನವೆಂಬರಿನಲ್ಲಿ ಪುಣೆಯ ನಮ್ಮ ಸೊಸೈಟಿಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಕಬ್ಬಿಣದ ಸರಳಿಗೆ ಎರಡು ವಾರ ಒಂದು ಸೈಕಲ್ ಫ್ರೇಮ್ ನೇತಾಡುತ್ತಿತ್ತು. ಚಕ್ರ ಇಲ್ಲ, ಹ್ಯಾಂಡಲ್ ಇಲ್ಲ, ಸೀಟು ಇಲ್ಲ, ಬರೀ ಫ್ರೇಮ್. ಬಟ್ಟೆ ಒಣಹಾಕಲು ಮೇಲೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ಇಷ್ಟೆಲ್ಲ ಯಾಕೆ ಕಷ್ಟ? ಪೌಡರ್ ಕೋಟಿಂಗ್‌ಗೆ ಕೊಟ್ಟುಬಿಡಿ, ಎರಡು ದಿನದಲ್ಲಿ ಫಳಫಳ ಹೊಳೆಯುತ್ತದೆ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಗ ನಾನು "ಹವ್ಯಾಸ" ಎಂದು ಹೇಳಿ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ಬೇರೆ.

ಸೈಕಲ್ ನಮ್ಮ ಅಪ್ಪನದು. ಗದಗಿನ ಹತ್ತಿರದ ನಮ್ಮೂರಿನಿಂದ ಶಾಲೆಗೆ, ನಿವೃತ್ತಿಯ ನಂತರ ಸಂತೆಗೆ, ಅಂಚೆ ಕಚೇರಿಗೆ ಅದರ ಮೇಲೆಯೇ ಅವರ ಓಡಾಟ. ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಬಿಟ್ಟುಬಿಟ್ಟರು. ಕೇಳಿದರೆ "ಮೊಣಕಾಲು ಹಿಡೀತಾವ" ಎಂದರು. ವಯಸ್ಸು ಎಪ್ಪತ್ತರ ಹತ್ತಿರ ಬಂದಿದೆ, ಸಹಜ ಎಂದುಕೊಂಡೆವು. ದೀಪಾವಳಿಗೆ ಊರಿಗೆ ಹೋದಾಗ ಕಾಲೇಜಿಗೆ ಹೋಗುವ ನನ್ನ ಮಗ ಅದನ್ನು ಕಂಡು ಆಸೆಪಟ್ಟ. "ಒಯ್ಯಲಿ, ಹೊಡಿಲಿ. ಇಲ್ಲಿದ್ದು ತುಕ್ಕು ತಿನ್ನೂದಕ್ಕಿಂತ ಛಲೋ" ಎಂದರು ಅಪ್ಪ. ಹುಬ್ಬಳ್ಳಿಯಿಂದ ರೈಲಿನ ಪಾರ್ಸಲ್‌ನಲ್ಲಿ ಸೈಕಲ್ ಪುಣೆಗೆ ಬಂತು. ಮಗನಿಗೆ ಬೇಕಿದ್ದ ಬಣ್ಣ ಗಾಢ ಹಸಿರು.

ಸ್ಪ್ರೇ ಡಬ್ಬಿಯಿಂದ ಬಣ್ಣ ಹೊಡೆಯುವುದು ಸುಲಭ ಎಂಬ ಭಾವನೆ ಎಲ್ಲರಲ್ಲೂ ಇದೆ. ನಿಜಕ್ಕೂ ಹೊಡೆಯುವುದು ಸುಲಭವೇ. ಎಲ್ಲ ಸೇರಿ ಒಂದೆರಡು ಗಂಟೆಯ ಕೆಲಸ. ಅದಕ್ಕೂ ಮೊದಲಿನ ಕೆಲಸವೇ ನಿಜವಾದ ಕೆಲಸ. ಮೊದಲು ಎಲ್ಲ ಬಿಚ್ಚಬೇಕು. ಹಳೆಯ ದೊಡ್ಡ ಸೈಕಲ್ಲುಗಳಲ್ಲಿ ಪೆಡಲಿನ ಕಾಲುಗಳನ್ನು ಹಿಡಿದಿಡುವ ಕಾಟರ್ ಪಿನ್ ಇರುತ್ತದೆ. ವರ್ಷಗಟ್ಟಲೆ ಕೂತು ಬಿಗಿದಿರುತ್ತದೆ. ಅದನ್ನು ಸುತ್ತಿಗೆಯಿಂದ ನೇರವಾಗಿ ಹೊಡೆದರೆ ತುದಿ ಚಪ್ಪಟೆಯಾಗಿ ಜನ್ಮದಲ್ಲಿ ಹೊರಬರುವುದಿಲ್ಲ. ಹಿಂದಿನ ದಿನವೇ ಎಣ್ಣೆ ಬಿಟ್ಟು, ನಟ್ಟನ್ನು ತುದಿಯವರೆಗೆ ಸಡಿಲಿಸಿ, ಮೇಲೊಂದು ಮರದ ತುಂಡಿಟ್ಟು ಹೊಡೆಯಬೇಕು. ಬಿಚ್ಚುವಾಗ ಹಂತಹಂತವಾಗಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಬೇರಿಂಗಿನ ಗುಂಡುಗಳನ್ನು ಎಣಿಸಿ ಡಬ್ಬಿಗೆ ಹಾಕಿಡಿ. ಮೊದಲ ದಿನವೇ ಒಂದು ಗುಂಡು ನೀರು ಹೋಗುವ ಪೈಪಿನೊಳಗೆ ಹೋದದ್ದರಿಂದ ಈ ಮಾತು ಹೇಳುತ್ತಿದ್ದೇನೆ.

ಆಮೇಲೆ ಕೆರೆಯುವುದು. ಅಪ್ಪ ಪ್ರತಿ ವರ್ಷ ಖಂಡೇಪೂಜೆಗೆ ಮೊದಲು ಬ್ರಶ್ಶಿನಿಂದ ಎನಾಮಲ್ ಬಳಿಯುತ್ತಿದ್ದರು. ಕಪ್ಪಿನ ಕೆಳಗೆ ನೀಲಿ, ನೀಲಿಯ ಕೆಳಗೆ ಮತ್ತೆ ಕಪ್ಪು. ಇಲ್ಲಿ ಒಂದು ಎಚ್ಚರಿಕೆಯ ಮಾತು. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸದ ಅಂಶ 90 ಪಿಪಿಎಂ ಮೀರಬಾರದೆಂದು ಕೇಂದ್ರ ಸರ್ಕಾರ ನಿಯಮ ಮಾಡಿದ್ದೇ 2016ರಲ್ಲಿ. ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು ಎಂದು ತಿಳಿದೇ ಕೆಲಸ ಮಾಡಬೇಕು. ಒಣಗಿದ್ದನ್ನು ಹಾಗೇ ಉಜ್ಜಿದರೆ ಧೂಳು ಮೂಗಿಗೂ ಹೋಗುತ್ತದೆ, ಮನೆಯೊಳಗೂ ಬರುತ್ತದೆ. ಆದ್ದರಿಂದ ನೀರು ಹಾಕಿ ವಾಟರ್ ಪೇಪರಿನಿಂದಲೇ ಉಜ್ಜಿ. ಚಿಕ್ಕ ಮಕ್ಕಳನ್ನು ದೂರವಿಡಿ. ಉಜ್ಜಿ ಬಂದ ರಾಡಿಯನ್ನು ಹಳೆ ಬಟ್ಟೆಯಲ್ಲಿ ಒರೆಸಿ, ಕಟ್ಟಿ ಪ್ರತ್ಯೇಕವಾಗಿ ಕೊಡಿ, ಮೋರಿಗೆ ಬಿಡಬೇಡಿ. ಆ ದಿನದ ಬಟ್ಟೆಯನ್ನು ಬೇರೆಯೇ ಒಗೆಯಿರಿ.

80ರ ಕಾಗದದಿಂದ ಶುರು ಮಾಡಿ 120, 220 ಎಂದು ನುಣುಪಿಗೆ ಬರುತ್ತ ಮೂರನೆಯ ದಿನ ಮುಂದಿನ ಫೋರ್ಕಿಗೆ ಕೈ ಹಾಕಿದೆ. ಎರಡು ಕಾಲುಗಳು ಮೇಲೆ ಕೂಡುವ ಜಾಗದಲ್ಲಿ ಬಣ್ಣ ಉಳಿದೆಡೆಗಿಂತ ದಪ್ಪವಾಗಿತ್ತು. ಅದು ಹೋದ ಮೇಲೆ ಕೂದಲೆಳೆಯಷ್ಟು ಸಣ್ಣದೊಂದು ಗೆರೆ ಕಂಡಿತು. ಗೀರು ಇರಬೇಕು ಎಂದುಕೊಂಡೆ. ಇನ್ನಷ್ಟು ಉಜ್ಜಿದೆ, ಹೋಗಲಿಲ್ಲ. ನಿಜ ಹೇಳುತ್ತೇನೆ, ಪಕ್ಕದಲ್ಲೇ ಪುಟ್ಟಿಯ ಡಬ್ಬಿ ಇತ್ತು. ಮೆತ್ತಿ ನುಣುಪು ಮಾಡಿದರೆ ಮುಗಿಯಿತು ಎನ್ನಿಸಿತು. ಮೇಲೆ ಪ್ರೈಮರ್ ಬಿದ್ದರೆ ನನಗೇ ಕಾಣುತ್ತಿರಲಿಲ್ಲ.

ಫೋಟೊ ತೆಗೆದು ಅಪ್ಪನಿಗೆ ಕಳಿಸಿ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, "ಚಿಮಣಿ ಎಣ್ಣಿ ಹಚ್ಚಿ ಸ್ವಚ್ಛ ಒರಸು. ಆಮ್ಯಾಲ ಖಡುವಿನ ಪುಡಿ ಉದುರಿಸಿ ನೋಡು" ಎಂದರು. ಖಡು ಎಂದರೆ ಸೀಮೆಸುಣ್ಣ. ಮೇಷ್ಟ್ರ ಮನೆಯಲ್ಲಿ ಅದಕ್ಕೆಂದೂ ಬರವಿಲ್ಲ. ಪುಣೆಯಲ್ಲಿ ಸೀಮೆಎಣ್ಣೆ ಎಲ್ಲಿ ಸಿಗಬೇಕು? ಡೀಸೆಲ್ ತಂದೆ. ಇದರ ಮರ್ಮ ಇಷ್ಟೇ: ತೆಳು ಎಣ್ಣೆ ಬಿರುಕಿನೊಳಗೆ ಇಳಿಯುತ್ತದೆ. ಮೇಲ್ಮೈ ಒರೆಸಿದರೂ ಒಳಗಿನದು ಅಲ್ಲೇ ಉಳಿಯುತ್ತದೆ. ಸುಣ್ಣದ ಪುಡಿ ಅದನ್ನು ನಿಧಾನವಾಗಿ ಹೀರಿಕೊಂಡಾಗ ಬಿಳಿಯ ಮೇಲೆ ತೇವದ ಗೆರೆ ಮೂಡುತ್ತದೆ. ಬರೀ ಗೀರಾದರೆ ಗೆರೆ ಮೂಡುವುದಿಲ್ಲ. ಐದು ನಿಮಿಷದಲ್ಲಿ ಗೆರೆ ಮೂಡಿತು. ಅರ್ಧ ಸುತ್ತಿಗೂ ಹೆಚ್ಚು ಉದ್ದವಿತ್ತು.

ಮತ್ತೆ ಫೋನ್ ಮಾಡಿದಾಗ ಸಂಗತಿ ಹೊರಬಂತು. ಎರಡು ವರ್ಷದ ಹಿಂದೆ ಸಂತೆಯಿಂದ ಬರುವಾಗ ಕತ್ತಲಲ್ಲಿ ಮುಂದಿನ ಚಕ್ರ ಪೈಪಿಗೆಂದು ತೋಡಿದ್ದ ತಗ್ಗಿಗೆ ಬಿದ್ದಿತ್ತು. ಅಪ್ಪನೂ ಬಿದ್ದರು. ಮೊಣಕಾಲು ಹಿಡಿಯಲು ಶುರುವಾದದ್ದು ಆವತ್ತಿನಿಂದ. "ನಿಮ್ಮವ್ವಗೂ ಹೇಳಿದ್ದಿಲ್ಲ ನೋಡಪಾ. ನಿನಗ ಹೇಳಿದ್ರ ರಾತ್ರೋರಾತ್ರಿ ಬಸ್ಸು ಹತ್ತತಿದ್ದಿ. ಬಣ್ಣ ಕಿತ್ತಿತ್ತು, ಹಬ್ಬಕ್ಕ ನೀ ಬರೂದ್ರಾಗ ಹಚ್ಚಿಬಿಟ್ಟೆ. ಒಳಗ ಕಬ್ಬಿಣ ಸೀಳೇತಿ ಅಂತ ನನಗೇನು ಗೊತ್ತು?" ಆಮೇಲೆ ದನಿ ಇಳಿಸಿ, "ಹುಡುಗ ಹೊಡದಿಲ್ಲಲ್ಲ ಅದನ್ನ?" ಎಂದು ಕೇಳಿದರು.

ಹೊಡೆದಿರಲಿಲ್ಲ. ನಾನು ಅದನ್ನು ಪೌಡರ್ ಕೋಟಿಂಗ್‌ಗೆ ಕೊಟ್ಟಿದ್ದರೆ ಮುಂದಿನ ವಾರವೇ ನನ್ನ ಮಗ ಅದರ ಮೇಲೆ ಸಿಂಹಗಡ ರಸ್ತೆಯ ವಾಹನಗಳ ನಡುವೆ ಇರುತ್ತಿದ್ದ. ಫ್ರೇಮಿನ ಬೇರೆ ಕಡೆ ಏನಾದರೂ ಆದರೆ ಸೈಕಲ್ ಕುಸಿಯುವ ಮುನ್ನ ಸದ್ದಾದರೂ ಮಾಡೀತು. ಫೋರ್ಕ್ ಮುರಿದರೆ ಸವಾರ ನೇರ ಮುಖದ ಮೇಲೆ ಬೀಳುತ್ತಾನೆ. ಅಲ್ಲಿ ಬೆಸುಗೆ ಹಾಕಿಸಿ ಬಳಸುವುದೂ ಸರಿಯಲ್ಲ, ಬದಲಿಸಬೇಕು. ಪೇಠೆಯ ಹಳೆಯ ಸೈಕಲ್ ಅಂಗಡಿಯೊಂದರಲ್ಲಿ 'ಚಿಮಟಾ' ಎಂದು ಕೇಳಿದೆ, ಸಿಕ್ಕಿತು. ಹ್ಯಾಂಡಲಿಗೆ ಹೋಗುವ ಕೊಳವೆಯ ಉದ್ದ ಹಳೆಯದರಷ್ಟೇ ಇದೆಯೇ ಎಂದು ಅಳೆದು ತರಬೇಕು, ಅಷ್ಟೇ.

ಪೌಡರ್ ಕೋಟಿಂಗ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದ ಆ ಹೊದಿಕೆ ಡಬ್ಬಿಯ ಬಣ್ಣಕ್ಕಿಂತ ಗಟ್ಟಿ. ಖರ್ಚೂ ನನಗಿಂತ ಕಡಿಮೆಯೇ ಆಗುತ್ತಿತ್ತು. ಪ್ರೈಮರ್ ಎರಡು ಡಬ್ಬಿ, ಬಣ್ಣ ಮೂರು, ಲ್ಯಾಕರ್ ಎರಡು, ಕಾಗದ, ಥಿನ್ನರ್, ಮಾಸ್ಕ್ ಎಲ್ಲ ಲೆಕ್ಕ ಹಾಕಿದರೆ ಹಣ ಉಳಿಸಲು ಈ ಕೆಲಸ ಮಾಡಬೇಡಿ ಎಂದೇ ಹೇಳಬೇಕಾಗುತ್ತದೆ. ನನ್ನ ತಕರಾರು ಬೇರೆ. ಬಣ್ಣದ ಅಂಗಡಿಯವರು ಕೇಳುವುದು "ಯಾವ ಬಣ್ಣ?" ಎಂದು. ಅದು ಅವರ ಕೆಲಸ. ಕೆಳಗೆ ಏನಿದೆ ಎಂದು ನೋಡುವುದು ಆ ಸೈಕಲ್ ಹತ್ತುವವರ ಮನೆಯವರ ಕೆಲಸ. ಬೇಕಾದರೆ ಕೆರೆದು, ಜೋಡಣೆಗಳನ್ನೆಲ್ಲ ನೋಡಿ, ಆಮೇಲೆ ಅಂಗಡಿಗೆ ಕೊಡಿ. ಕೆರೆಯುವುದನ್ನು ಮಾತ್ರ ಬೇರೆಯವರಿಗೆ ಬಿಡಬೇಡಿ. ಹೊಸ ಬಣ್ಣದ ಹಳೆ ಸೈಕಲ್ ಕೊಳ್ಳುವವರಿಗೂ ಇದೇ ಮಾತು. ನಟ್ಟಿನ ಮರೆಗಳ ಮೇಲೂ ಬಣ್ಣ ಹರಿದಿದ್ದರೆ, ಫ್ರೇಮಿನ ನಂಬರ್ ಬಣ್ಣದಲ್ಲಿ ಮುಚ್ಚಿಹೋಗಿದ್ದರೆ, ಜೋಡಣೆಗಳಲ್ಲಿ ಮಾತ್ರ ಬಣ್ಣ ದಪ್ಪವಾಗಿದ್ದರೆ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿ.

ಇನ್ನು ಬಣ್ಣದ ವಿಷಯ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ; ಗಾಳಿಯಲ್ಲಿ ತೇವವಿದ್ದರೆ ಬಣ್ಣ ಮಂಕಾಗಿ ಬಿಳುಪೇರುತ್ತದೆ. ಮುಂಬೈ, ಚೆನ್ನೈಯಂಥ ಕಡಲೂರಿನವರು ಒಣಗಾಳಿಯ ದಿನ ನೋಡಿಕೊಳ್ಳಬೇಕು. ಥಿನ್ನರಿನಿಂದ ಒರೆಸಿದ ಮೇಲೆ ಬರಿಗೈ ತಾಗಿಸಬೇಡಿ. ಬೇರಿಂಗ್ ಕೂರುವ ಜಾಗ, ಮರೆಗಳು, ಸೀಟಿನ ಕೊಳವೆಯ ಬಾಯಿಗಳನ್ನು ಟೇಪಿನಿಂದ ಮುಚ್ಚಿ. ಸುತ್ತ ಹಾಸಲು ಹಳೆ ಪತ್ರಿಕೆ ಹುಡುಕಿದೆ. ನಾವು ಓದುವ ಕನ್ನಡ ಪತ್ರಿಕೆಯೆಲ್ಲ ಮೊಬೈಲಿನಲ್ಲೇ! ಕೊನೆಗೆ ಎದುರುಮನೆಯ ಆಜೋಬಾ ತಮ್ಮ ಮರಾಠಿ ಪತ್ರಿಕೆಯ ಕಟ್ಟು ಕೊಟ್ಟು ಮಾನ ಉಳಿಸಿದರು.

ಉಕ್ಕಿನ ಫ್ರೇಮಿಗೆ ಮೊದಲು ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರ್. ಅಲ್ಯೂಮಿನಿಯಂ ಆದರೆ ಅದಕ್ಕೆಂದೇ ಇರುವ ಎಚ್ ಪ್ರೈಮರ್ ಬೇಕು. ಡಬ್ಬಿಯನ್ನು ಒಳಗಿನ ಗುಂಡು ಸದ್ದು ಮಾಡುವಂತೆ ಒಂದೆರಡು ನಿಮಿಷ ಅಲುಗಾಡಿಸಿ. 20-25 ಸೆಂಟಿಮೀಟರ್ ದೂರದಿಂದ, ಕೈ ನಿಲ್ಲಿಸದೆ, ತೆಳುವಾಗಿ ಹೊಡೆಯಿರಿ. ಮೊದಲ ಪದರದಲ್ಲಿ ಕೆಳಗಿನದು ಕಂಡರೂ ಪರವಾಗಿಲ್ಲ. ಹತ್ತು ಹದಿನೈದು ನಿಮಿಷ ಬಿಟ್ಟು ಮುಂದಿನ ಪದರ. ನಾನು ಆಸೆಗೆ ಬಿದ್ದು ಒಂದು ಕಡೆ ದಪ್ಪ ಹೊಡೆದೆ. ಮೇಣದಬತ್ತಿಯ ಹಾಗೆ ಬಣ್ಣ ಇಳಿಯಿತು. ಹಸಿಯಲ್ಲಿ ಒರೆಸಲು ಹೋಗಬಾರದು. ಪೂರ್ತಿ ಒಣಗಿದ ಮೇಲೆ 400ರ ವಾಟರ್ ಪೇಪರಿನಿಂದ ಉಜ್ಜಿ ಮತ್ತೆ ಹೊಡೆಯಬೇಕು. ಕೊನೆಗೆ ಪಾರದರ್ಶಕ ಲ್ಯಾಕರ್. ಮುಟ್ಟಿದರೆ ಒಂದು ಗಂಟೆಯಲ್ಲೇ ಒಣಗಿದಂತೆ ತೋರುತ್ತದೆ, ಗಟ್ಟಿಯಾಗಲು ಒಂದೆರಡು ವಾರ ಬೇಕು. ಜೋಡಿಸಲು ಅವಸರ ಮಾಡಿದರೆ ಸ್ಪ್ಯಾನರ್ ತಾಗಿದಲ್ಲೆಲ್ಲ ಬಣ್ಣ ಏಳುತ್ತದೆ.

ಬಾಲ್ಕನಿಯಲ್ಲಿ, ಅದರಲ್ಲೂ ಅಡುಗೆಮನೆಯ ಪಕ್ಕ, ಇದನ್ನು ಮಾಡಲೇಬೇಡಿ. ಡಬ್ಬಿಯೊಳಗಿನ ಅನಿಲ ಬೆಂಕಿ ಹಿಡಿಯುವಂಥದ್ದು. ಬಟ್ಟೆಯ ಮಾಸ್ಕ್ ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ತಾರಸಿಯಾದರೆ ಸೊಸೈಟಿಯವರನ್ನು ಕೇಳಿ, ಗಾಳಿ ಎತ್ತ ಬೀಸುತ್ತಿದೆ ನೋಡಿ. ಪಕ್ಕದವರ ಬಿಳಿ ಬೆಡ್‌ಶೀಟಿಗೆ ಹಸಿರು ಬಿದ್ದರೆ ಅದಕ್ಕೆ ಯಾವ ಥಿನ್ನರೂ ಇಲ್ಲ.

ಫ್ರೇಮ್ ಒಣಗುತ್ತಿದ್ದ ಆ ವಾರ ನಾನು ಊರಿಗೆ ಹೋಗಿ ಅಪ್ಪನ ಮೊಣಕಾಲಿನ ಎಕ್ಸ್-ರೇ ತೆಗೆಸಿದೆ. ಎರಡು ವರ್ಷ ಪ್ರತಿ ಭಾನುವಾರ ಫೋನಿನಲ್ಲಿ "ಆರಾಮ ಅದೀರೇನು?" ಎಂದು ಕೇಳಿದ್ದೆ, "ಆರಾಮ ಅದೀವಿ" ಎಂದು ಅವರು ಹೇಳಿದ್ದರು. ನಾವು ಹಬ್ಬಕ್ಕೆ ಹೋಗುವ ಹೊತ್ತಿಗೆ ಅಲ್ಲಿ ಎಲ್ಲದಕ್ಕೂ ಬಣ್ಣ ಬಿದ್ದಿರುತ್ತದೆ. ಎರಡು ದಿನ ಹೋಳಿಗೆ ತಿಂದು ಬರುವವರಿಗೆ ಕೆಳಗಿನದು ಕಾಣುವುದಿಲ್ಲ. ಅವರು ಮುಚ್ಚುವುದು ನಮ್ಮ ಮೇಲಿನ ಪ್ರೀತಿಗೇ. ಆದರೆ ಇನ್ನೊಂದು ಪ್ರಶ್ನೆ ಕೇಳದೆ ನಂಬಿಬಿಡುವುದು ನಮ್ಮ ಸೋಮಾರಿತನ. ಅದಕ್ಕೇ ಈಗ "ಆರಾಮ" ಎಂದ ಮೇಲೂ ನಾನು ಫೋನ್ ಇಡುವುದಿಲ್ಲ. ಸಂತೆಗೆ ಯಾರ ಜೊತೆ ಹೋದಿರಿ, ಮೆಟ್ಟಿಲು ಹತ್ತುವಾಗ ಯಾವ ಕಾಲು ಮೊದಲು ಇಡುತ್ತೀರಿ ಎಂದು ಕೇಳುತ್ತೇನೆ. "ಪೊಲೀಸರ ಗತೆ ಕೇಳ್ತಿ" ಎಂದು ರೇಗುತ್ತಾರೆ, ಆದರೂ ಹೇಳುತ್ತಾರೆ.

ಸಂಕ್ರಾಂತಿಗೆ ಅಪ್ಪ, ಅವ್ವ ಪುಣೆಗೆ ಬಂದರು. ಮೊಮ್ಮಗ ಹಸಿರು ಸೈಕಲ್ಲನ್ನು ಲಿಫ್ಟಿನ ಮುಂದೆಯೇ ತಂದು ನಿಲ್ಲಿಸಿದ. ಬಣ್ಣ ಚೆನ್ನಾಗಿದೆ ಎಂದಾಗಲಿ ಇಲ್ಲವೆಂದಾಗಲಿ ಅಪ್ಪ ಹೇಳಲಿಲ್ಲ. ಮುಂದಿನ ಬ್ರೇಕ್ ಹಿಡಿದು, ಸೈಕಲ್ಲನ್ನು ಎರಡು ಸಲ ಹಿಂದೆ ಮುಂದೆ ದೂಡಿದರು. ಕನ್ನಡಕ ಏರಿಸಿಕೊಂಡು ಬಗ್ಗಿ ಹೊಸ ಫೋರ್ಕಿನ ಜೋಡಣೆಯ ಸುತ್ತ ಬೆರಳಾಡಿಸಿದರು. ಆಮೇಲೆ ಮೊಮ್ಮಗನಿಗೆ ಹೇಳಿದರು: "ಹೊಡಿ. ಬಿದ್ರ ಮಾತ್ರ ನಿಮ್ಮಪ್ಪಗ ಹೇಳು, ನನ್ನಂಗ ಮುಚ್ಚಿಡಬ್ಯಾಡ."