ನೂರಕ್ಕೆ ಅರವತ್ನಾಲ್ಕು ಮೊಳೆತರೆ ಜಗಳ ತೆಗೆಯಬೇಕೇ?

ಮುಂಗಾರಿನ ಹೊತ್ತಿಗೆ ನಮ್ಮ ಧಾರವಾಡ ಕಡೆಯ ಊರುಗಳಿಗೆ ಸೋಯಾಬೀನ್ ಚೀಲ ಬರುತ್ತದೆ, ಅದರ ಬೆನ್ನಿಗೇ ಅನುಮಾನವೂ ಬರುತ್ತದೆ. ಸೋಯಾ ಬೀಜದ ಸಿಪ್ಪೆ ತೆಳು. ರಾಶಿ ಮಾಡುವಾಗ ಪೆಟ್ಟು ಬಿದ್ದರೂ, ಚೀಲ ಎತ್ತಿ ಒಗೆದರೂ ಮೊಳಕೆ ಸಾಯುತ್ತದೆ. ಪ್ರಮಾಣಿತ ಬೀಜವಾದರೆ ನೂರಕ್ಕೆ 70 ಆದರೂ ಮೊಳೆಯಬೇಕು ಎಂಬುದು ನಿಯಮ.

ಒಂದು ವರ್ಷ ನಮ್ಮ ಗೆಳೆಯರ ಮನೆಯಲ್ಲಿ 100 ಬೀಜ ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟೆವು. ಮೊಳೆತದ್ದು 64. ಸಂಜೆಗೆ ಕಟ್ಟೆಯ ಮೇಲೆ ಎರಡು ಪಕ್ಷವಾಯಿತು. ‘ಅಂಗಡಿಯವ ಮೋಸ ಮಾಡ್ಯಾನ, ನಡೀರಿ ಕೇಳೂಣು’ ಅಂತ ಕೆಲವರು. ‘ಆರು ಕಾಳಿಗೆ ಯಾಕ ಜಗಳ’ ಅಂತ ಉಳಿದವರು. ಎರಡೂ ಕಡೆ ದನಿ ಜೋರಾಗಿತ್ತು. ಲೆಕ್ಕ ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ಇಂಥ ಜಗಳಕ್ಕೆಂದೇ ಒಂದು ಲೆಕ್ಕವಿದೆ. ಕಾಲೇಜಿನ ಪುಸ್ತಕದಲ್ಲಿ ಅದಕ್ಕೆ ಪ್ರಾಕ್ಕಲ್ಪನೆಯ ಪರೀಕ್ಷೆ, ಹೈಪಾಥಿಸಿಸ್ ಟೆಸ್ಟಿಂಗ್ ಅಂತ ದೊಡ್ಡ ಹೆಸರು. ಹೆಸರಿಗೆ ಹೆದರಬೇಡಿ. ಚೀಲ ಸರಿಯಿದೆ ಎಂದೇ ಮೊದಲು ಒಪ್ಪಿಕೊಳ್ಳಿ. ಆಮೇಲೆ ಒಂದೇ ಪ್ರಶ್ನೆ: ಚೀಲ ಸರಿಯಿದ್ದೂ ಇಷ್ಟು ಕಡಿಮೆ ಎಣಿಕೆ ಬರುವುದು ಎಷ್ಟು ಅಪರೂಪ? ತೀರಾ ಅಪರೂಪವಾದರೆ ಆಗ ಚೀಲದ ಮೇಲೆ ಅನುಮಾನ ಪಡಿ.

ನಂಬಿಕೆ ಬರದಿದ್ದರೆ ಮಕ್ಕಳ ಕೈಯಲ್ಲಿ ಮಾಡಿಸಿ. ಡಬ್ಬಿಯಲ್ಲಿ 7 ಬಿಳಿ ಕಾಳು, 3 ಕರಿ ಕಾಳು ಹಾಕಿ. ಕಣ್ಣು ಮುಚ್ಚಿ ಒಂದು ತೆಗೆಯುವುದು, ಬರೆದುಕೊಳ್ಳುವುದು, ವಾಪಸ್ ಹಾಕಿ ಅಲುಗಿಸುವುದು. ಹೀಗೆ ನೂರು ಸಲ. ಬಿಳಿ ಸರಿಯಾಗಿ 70 ಸಲವೇ ಬರುವುದಿಲ್ಲ. ಒಮ್ಮೆ 66, ಒಮ್ಮೆ 73. ಈ ಓಲಾಟಕ್ಕೂ ಅಳತೆ ಇದೆ. 100ನ್ನು 0.7ರಿಂದಲೂ 0.3ರಿಂದಲೂ ಗುಣಿಸಿದರೆ 21, ಅದರ ವರ್ಗಮೂಲ ಸುಮಾರು 4.6. ಆ ಕಡೆ ಈ ಕಡೆ ಅದರ ಎರಡು ಪಟ್ಟು, ಅಂದರೆ 61ರಿಂದ 79ರವರೆಗೆ ಬಂದರೆ ಅದು ಸಾಮಾನ್ಯ. ಸರಿಯಿರುವ ಚೀಲದಲ್ಲೂ 64 ಅಥವಾ ಅದಕ್ಕಿಂತ ಕಡಿಮೆ ಬರುವುದು ನೂರರಲ್ಲಿ ಸುಮಾರು 12 ಸಲ ಆಗುತ್ತದೆ. ಅಷ್ಟಕ್ಕೇ ಒಬ್ಬನನ್ನು ಕಳ್ಳ ಎನ್ನುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಹಾಗಂತ ಚೀಲ ಚೆನ್ನಾಗಿದೆ ಎಂದೂ ಆಗಲಿಲ್ಲ. ‘ತಪ್ಪು ಸಾಬೀತಾಗಲಿಲ್ಲ’ ಮತ್ತು ‘ತಪ್ಪೇ ಇಲ್ಲ’ ಎರಡೂ ಬೇರೆ ಬೇರೆ. ಕೋರ್ಟಿಗೆ ಅಲೆದವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. 61 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಾತ್ರ ತಕರಾರು ಎಂದು ಗೆರೆ ಎಳೆದರೆ, ನಿಜವಾಗಿ 60ರಷ್ಟೇ ಮೊಳೆಯುವ ಚೀಲವೂ ಹತ್ತರಲ್ಲಿ ಸುಮಾರು ನಾಲ್ಕು ಸಲ ಪಾರಾಗಿಬಿಡುತ್ತದೆ. 100 ಬೀಜ ಸಾಲುವುದಿಲ್ಲ. ಬೀಜ ಪರೀಕ್ಷಾ ಪ್ರಯೋಗಾಲಯದಲ್ಲಿ 400 ಬೀಜ ಎಣಿಸುವುದು ಸುಮ್ಮನೆ ಅಲ್ಲ.

ನಾವು ಮತ್ತೆ 300 ಬೀಜ ಹಾಕಿದೆವು. ಈ ಸಲ ಚೀಲದ ಮೇಲೆ, ನಡುವೆ, ತಳದಲ್ಲಿ ಕೈ ಹಾಕಿ ತೆಗೆದು ಬೆರೆಸಿದೆವು. ಗಟ್ಟಿ ಕಾಳು ಆರಿಸಲಿಲ್ಲ, ಜೊಳ್ಳನ್ನೂ ಆರಿಸಲಿಲ್ಲ. ಮೊದಲಿನ ನೂರನ್ನು ಇದಕ್ಕೆ ಸೇರಿಸಲೂ ಇಲ್ಲ. ಅನುಮಾನ ಹುಟ್ಟಿಸಿದ ಎಣಿಕೆಯನ್ನೇ ಸಾಕ್ಷಿಗೂ ಕರೆಯಬಾರದು. 300ರಲ್ಲಿ 190 ಮೊಳೆತವು. ನೂರಕ್ಕೆ 63, ಹೆಚ್ಚುಕಮ್ಮಿ ಮೊದಲಿನಷ್ಟೇ. ಆದರೆ ಸರಿಯಿರುವ ಚೀಲದಿಂದ 300ಕ್ಕೆ 190 ಅಥವಾ ಅದಕ್ಕಿಂತ ಕಡಿಮೆ ಬರುವುದು ಸಾವಿರದಲ್ಲಿ ಏಳೆಂಟು ಸಲ ಮಾತ್ರ. ಈಗ ಮಾತಾಡಬಹುದು.

ಈ ವಿದ್ಯೆ ಬೆಳೆದದ್ದೇ ಕೃಷಿಯ ಜೊತೆ. 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಸಣ್ಣ ಮಾದರಿಗಳ ಲೆಕ್ಕ ಕೊಟ್ಟ ವಿಲಿಯಂ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ. ಬಾರ್ಲಿಯ ತಳಿ ಹೋಲಿಸುವುದು ಅವನ ಕೆಲಸದಲ್ಲೊಂದು. ರೊನಾಲ್ಡ್ ಫಿಶರ್ 1919ರಲ್ಲಿ ಸೇರಿದ್ದು ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರಕ್ಕೆ. ನಮ್ಮ ಶಾಲೆಗಳಲ್ಲಿ ಮಾತ್ರ ಸಂಖ್ಯಾಶಾಸ್ತ್ರವೆಂದರೆ ಸರಾಸರಿ, ಮಧ್ಯಾಂಕ, ಬಹುಲಕ, ಅಲ್ಲಿಗೆ ಮುಗಿಯಿತು. ಹೈಸ್ಕೂಲಿನ ಮೇಷ್ಟ್ರುಗಳು ಜೂನ್ ತಿಂಗಳಲ್ಲಿ ಒಂದು ವಾರ ಊರಿನ ಬೀಜ ಎಣಿಸಿದರೆ ಮಕ್ಕಳಿಗೂ ಪಾಠ, ಅಪ್ಪಂದಿರಿಗೂ ಉಪಯೋಗ.

ವಾಟ್ಸಾಪಿನಲ್ಲಿ ಬರುವ ಟಾನಿಕ್ಕಿನ ಜಾಹೀರಾತಿಗೂ ಇದೇ ಮದ್ದು. ಎಂಟು ಜನ ತಮ್ಮ ಹೊಲದ ಅರ್ಧಕ್ಕೆ ಸಿಂಪಡಿಸಿ, ಅರ್ಧ ಬಿಡಲಿ. ಯಾವ ಅರ್ಧ ಎಂಬುದನ್ನು ನಾಣ್ಯ ಹಾರಿಸಿ ನಿರ್ಧರಿಸಿ, ಇಲ್ಲದಿದ್ದರೆ ನೀರು ನಿಲ್ಲುವ ಒಳ್ಳೆಯ ಕಡೆಗೇ ಕೈ ಹೋಗುತ್ತದೆ. ಆರು ಜನರಿಗೆ ಸಿಂಪಡಿಸಿದ ಕಡೆ ಹೆಚ್ಚು ಬೆಳೆ ಬಂದರೆ ಕುಣಿಯಬೇಡಿ. ಟಾನಿಕ್ಕಿನಲ್ಲಿ ಬರೀ ನೀರಿದ್ದರೂ ಎಂಟರಲ್ಲಿ ಆರು ಅಥವಾ ಹೆಚ್ಚು ಜನಕ್ಕೆ ಹಾಗಾಗುವುದು ನೂರರಲ್ಲಿ 14 ಸಲ ಉಂಟು. ಏಳು ಜನಕ್ಕೆ ಬಂದರೆ ನೂರರಲ್ಲಿ ಮೂರೂವರೆ. ಆಗ ದುಡ್ಡು ಹಾಕುವ ಬಗ್ಗೆ ಯೋಚಿಸಿ.

ಮತ್ತೆ ನಮ್ಮ ಚೀಲಕ್ಕೆ ಬರೋಣ. ಲೆಕ್ಕ ಹೇಳಿದ್ದು ಬೀಜ 70ರ ಮಟ್ಟದಲ್ಲಿಲ್ಲ ಎಂದಷ್ಟೇ. ಕೆಟ್ಟದ್ದು ಕಂಪನಿಯ ಗೋದಾಮಿನಲ್ಲೋ, ಲಾರಿಯಲ್ಲೋ, ನಮ್ಮದೇ ಪಡಸಾಲೆಯಲ್ಲೋ ಎಂದು ಅದು ಹೇಳುವುದಿಲ್ಲ. ಹಾಗಾಗಿ ಅಂಗಡಿಯವನ ಕೊರಳಪಟ್ಟಿ ಹಿಡಿಯಲು ಯಾರೂ ಹೋಗಲಿಲ್ಲ. ಚೀಲದ ಚೀಟಿ, ರಸೀದಿ, ಎಣಿಕೆ ಬರೆದ ಹಾಳೆ ಹಿಡಿದು ಕೃಷಿ ಇಲಾಖೆಗೆ ಹೋದೆವು. ‘ನಿಮ್ಮ ಎಣಿಕೆ ಕಾಗದದ ಮೇಲೆ ನಡೆಯುವುದಿಲ್ಲ’ ಎಂದು ಮೊದಲೇ ಹೇಳಿ, ಹಾಳೆಯನ್ನು ಎರಡು ಸಲ ನೋಡಿ, ಅಧಿಕಾರಿ ಮಾದರಿ ತೆಗೆಸಿದರು.

ಪ್ರಯೋಗಾಲಯದ ವರದಿಗೆ ಮಳೆ ಕಾಯಲಿಲ್ಲ. ಗೆಳೆಯರು ಎಕರೆಗೆ 30 ಕೆಜಿ ಬಿತ್ತುವ ಕಡೆ 33 ಕೆಜಿ ಬಿತ್ತಿದರು.