‘ಗೊತ್ತಿಲ್ಲ’ ಎನ್ನುವುದು ಪಾಪವಲ್ಲ, ಗೊತ್ತುಮಾಡದಿರುವುದು ಪಾಪ



ನಮ್ಮ ವಯನಾಡಿನ ಪಾಡಿಗಳಲ್ಲಿ ಒಂದು ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಆ ಕಾಯಿಲೆ’ ಎನ್ನುತ್ತಾರೆ. ‘ದೊಡ್ಡ ಕಾಯಿಲೆ’ ಎನ್ನುತ್ತಾರೆ. ಇಲ್ಲವೇ ‘ಗಡ್ಡೆ’ ಎಂದು ಪಿಸುಗುಟ್ಟಿ ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ. ನಾನು ಹೆಸರು ಹಿಡಿದೇ ಬರೆಯುತ್ತೇನೆ: ಕ್ಯಾನ್ಸರ್. ಗಂಡನಿಗೋ ಹೆಂಡತಿಗೋ ಈ ರೋಗವಿದೆ ಎಂದು ತಿಳಿದ ದಿನದಿಂದ ಆ ಮನೆಗೆ ಯಾರು ಯಾರು ಬಂದು ಏನೇನು ಹೇಳುತ್ತಾರೆ, ಬರಬೇಕಾದವರು ಯಾರು ಬರುವುದಿಲ್ಲ ಎಂಬುದನ್ನು ಈಗ ಹೇಳಲೇಬೇಕಾಗಿದೆ. ಕೆಲವರಿಗೆ ಕೋಪ ಬರಬಹುದು. ಬರಲಿ.

ಮೈಯಲ್ಲಿ ನೋವು ರೋಗಿಗೆ. ಜೊತೆಗಿರುವವರನ್ನು ತಿನ್ನುವುದು ‘ಏನಾಗುತ್ತದೋ’ ಎಂಬ ಒಂದೇ ಮಾತು. ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರೆ ಉತ್ತರ ಬರಲು ವಾರ, ಕೆಲವೊಮ್ಮೆ ಎರಡು ವಾರ. ಆಮೇಲೆ ಎಷ್ಟು ಹರಡಿದೆ ಎಂದು ನೋಡಲು ಸ್ಕ್ಯಾನು. ಚಿಕಿತ್ಸೆ ಮುಗಿದ ಮೇಲೂ ಕೆಲವು ತಿಂಗಳಿಗೊಮ್ಮೆ ತಪಾಸಣೆ. ಪ್ರತಿ ಸಲವೂ ಅದೇ ಎದೆಬಡಿತ.

ಆದರೆ ಬಂಧುಗಳೇ, ಈ ‘ಏನಾಗುತ್ತದೋ’ ಎರಡು ಬಗೆಯದು. ಒಂದು ದೇಹದ್ದು. ಮದ್ದು ಹಿಡಿಯುತ್ತದೆಯೇ, ರೋಗ ಮರುಕಳಿಸುತ್ತದೆಯೇ ಎಂದು ಡಾಕ್ಟರೂ ಪ್ರಮಾಣ ಮಾಡಿ ಹೇಳಲಾರ. ಅದನ್ನು ದೇವರ ಕೈಯಲ್ಲಿಟ್ಟು ಹೊರಬೇಕು. ಇನ್ನೊಂದು ಮನುಷ್ಯರು ಮಾಡಿಟ್ಟದ್ದು. ಚೀಟಿಯಲ್ಲಿ ಏನು ಬರೆದಿದೆ? ನಾಳೆ ಹಾಜರಿ ಸಿಗುತ್ತದೆಯೇ? ಬಸ್ಸಿನ ದುಡ್ಡು ಎಲ್ಲಿಂದ? ಪಾಡಿಯ ಮನೆ ಉಳಿಯುತ್ತದೆಯೇ? ಇದು ದೇವರು ಕೊಟ್ಟ ಶಿಲುಬೆಯಲ್ಲ. ಇದನ್ನು ಹೊರಬಾರದು, ಇಳಿಸಬೇಕು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ‘ದೈವಚಿತ್ತ’ ಎಂದು ಬಡವನ ತಲೆಯ ಮೇಲೆ ಇಡುವವರ ಮೇಲೆಯೇ ನನ್ನ ಜಗಳ.

ಮೊದಲ ಜಗಳ: ಮುಚ್ಚಿಡುವವರ ಮೇಲೆ

ಮೊದಲ ಅಪರಾಧಿ ನಾನೇ. ನನ್ನ ಮನೆಯಾಕೆ ಇಪ್ಪತ್ತು ವರ್ಷ ಚಿಗುರು ಕಿತ್ತವಳು. ಎದೆಯಲ್ಲಿ ಗಂಟು ಕಂಡಿತು. ನೋವಿಲ್ಲವಲ್ಲ ಎಂದು ಐದು ತಿಂಗಳು ಸುಮ್ಮನಿದ್ದಳು. ಕೊನೆಗೆ ಆಸ್ಪತ್ರೆಯಲ್ಲಿ ಡಾಕ್ಟರು ನನ್ನೊಬ್ಬನನ್ನು ಪಕ್ಕಕ್ಕೆ ಕರೆದು ಹೇಳಿದರು. ನಾನು ಹೊರಗೆ ಬಂದು ‘ಏನಿಲ್ಲ, ಸಣ್ಣ ಗಡ್ಡೆಯಂತೆ’ ಎಂದೆ. ಉಪದೇಶಿಯಾಗಿ ಮಕ್ಕಳಿಗೆ ಎಂಟನೆಯ ಆಜ್ಞೆ ಕಲಿಸುವವನು ಹೆಂಡತಿಗೆ ಸುಳ್ಳು ಹೇಳಿದೆ.

ಎರಡನೆಯ ಸಲ ಮದ್ದಿನ ಡ್ರಿಪ್ಪು ಹಾಕಿಸಿಕೊಂಡು ಬಂದ ಹತ್ತನೆಯ ದಿನ ಅವಳಿಗೆ ಜ್ವರ ಬಂತು. ಯಾವ ಮದ್ದು, ಏಕೆ ಎಂದು ಅವಳಿಗೆ ಗೊತ್ತಿರಲಿಲ್ಲ. ಜ್ವರದ ಮಾತ್ರೆ ನುಂಗಿ ಎರಡು ದಿನ ಮಲಗಿದಳು. ಮೂರನೆಯ ದಿನ ಜೀಪಿನಲ್ಲಿ ಹೊತ್ತು ಸಾಗಿಸಿದೆವು. ಇನ್ನೊಂದು ರಾತ್ರಿ ತಡೆದಿದ್ದರೆ ಕೈಮೀರುತ್ತಿತ್ತು ಎಂದು ಡಾಕ್ಟರು ಗದರಿದರು. ಕ್ಯಾನ್ಸರಿನ ಮದ್ದು ರಕ್ತದ ಬಿಳಿಕಣಗಳನ್ನೂ ಇಳಿಸುತ್ತದೆ. ಸಾಮಾನ್ಯವಾಗಿ ಮದ್ದು ಹಾಕಿದ ಒಂದರಿಂದ ಎರಡು ವಾರದೊಳಗೆ ಅವು ತೀರ ಕಡಿಮೆಯಾಗಿರುತ್ತವೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು, ಹಗಲಾಗಲಿ ರಾತ್ರಿಯಾಗಲಿ. ಈ ಒಂದು ಸಾಲನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ. ನನ್ನ ಸುಳ್ಳು ಅವಳಿಂದ ಈ ತಿಳಿವನ್ನೇ ಕಸಿದಿತ್ತು.

ವಾರ್ಡಿನಲ್ಲಿ ಅವಳು ಕೇಳಿದಳು: “ನನ್ನ ಮೈಯಲ್ಲಿ ಏನಿದೆ ಅಂತ ನರ್ಸಮ್ಮನಿಗೆ ಗೊತ್ತು, ಪಕ್ಕದ ಮಂಚದವಳಿಗೆ ಗೊತ್ತು, ನಿಮಗೆ ಗೊತ್ತು. ನನಗೊಬ್ಬಳಿಗೇ ಗೊತ್ತಿಲ್ಲ. ಇಷ್ಟು ವರ್ಷ ಸಾಲ ಜೊತೆಯಲ್ಲಿ ತೀರಿಸಿದ್ದೀವಿ. ಇದನ್ನ ಮಾತ್ರ ನೀವೊಬ್ಬರೇ ಹೊರೋಕೆ ಹೊರಟಿರಾ?” ನನ್ನ ಬಳಿ ಉತ್ತರವಿರಲಿಲ್ಲ.

ಮುಚ್ಚಿಡುವುದು ಪ್ರೀತಿ ಎನ್ನುತ್ತೀರಿ. ಇಲ್ಲ, ಅದು ನಮ್ಮ ಹೇಡಿತನ. ಅವರ ಕಣ್ಣೀರು ನೋಡಲಾರೆವೆಂದು ಅವರನ್ನು ಕತ್ತಲಲ್ಲಿ ಕೂರಿಸುತ್ತೇವೆ. ಡಾಕ್ಟರ ಮುಂದೆ ಇಬ್ಬರೂ ಕುಳಿತು ಕೇಳಿ: ರೋಗ ಯಾವ ಜಾಗದ್ದು? ಹರಡಿದೆಯೇ? ಚಿಕಿತ್ಸೆ ಗುಣಪಡಿಸಲೋ, ನೋವು ತಗ್ಗಿಸಲೋ? ಎಷ್ಟು ಸಲ ಬರಬೇಕು? ಯಾವ ಲಕ್ಷಣ ಕಂಡರೆ ಓಡಿ ಬರಬೇಕು? ಚೀಟಿ ಇಂಗ್ಲಿಷಿನಲ್ಲಿ, ಡಾಕ್ಟರ ಮಾತು ಮಲಯಾಳದಲ್ಲಿ, ನಮ್ಮ ಭಯ ಕನ್ನಡದಲ್ಲಿ. ಹಾಗಾಗಿ ಎರಡೂ ಬಲ್ಲ ಹುಡುಗನನ್ನೋ ಹುಡುಗಿಯನ್ನೋ ಕರೆದುಕೊಂಡು ಹೋಗಿ. ಉತ್ತರಗಳನ್ನು ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲೇ ಬರೆಸಿ.

ಎರಡನೆಯ ಜಗಳ: ಖಚಿತ ಮಾತು ಮಾರುವವರ ಮೇಲೆ

ಡಾಕ್ಟರು ‘ನೋಡೋಣ’ ಎನ್ನುತ್ತಾರೆ. ಪುಡಿ ಮಾರುವವನು ‘ನಲವತ್ತೆಂಟು ದಿನದಲ್ಲಿ ಖಂಡಿತ’ ಎನ್ನುತ್ತಾನೆ. ಮೈಕು ಕಟ್ಟಿದ ಬೋಧಕ ‘ವಿಶ್ವಾಸವಿದ್ದರೆ ಮಾತ್ರೆ ಬಿಸಾಡು’ ಎನ್ನುತ್ತಾನೆ. ಭಯಗೊಂಡ ಮನೆ ಯಾರ ಮಾತು ನಂಬುತ್ತದೆ? ಖಚಿತವಾಗಿ ಹೇಳಿದವನದ್ದೇ. ಆರು ವಾರ ಕಳೆದ ಮೇಲೆ ಪುಡಿಯವನು ಬೇರೆ ಊರಿನಲ್ಲಿರುತ್ತಾನೆ, ಗಡ್ಡೆ ಇಲ್ಲೇ ಬೆಳೆದಿರುತ್ತದೆ.

ಪವಿತ್ರ ಗ್ರಂಥವನ್ನೇ ತೆರೆಯೋಣ. ಅರಸ ಹಿಜ್ಕೀಯ ಕಣ್ಣೀರಿಟ್ಟು ಪ್ರಾರ್ಥಿಸಿದ, ದೇವರು ಕೇಳಿದರು. ಆದರೂ ಪ್ರವಾದಿ ಯೆಶಾಯ ಹುಣ್ಣಿನ ಮೇಲೆ ಅಂಜೂರದ ಲೇಪ ಹಾಕಿಸಿದ. ಲೂಕ ವೈದ್ಯನಾಗಿದ್ದ. ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯನೂ ಮದ್ದೂ ದೇವರಿಂದಲೇ ಬಂದದ್ದೆಂದು ಕಲಿಸುತ್ತದೆ. ಪೌಲ ತನ್ನ ದೇಹದ ಮುಳ್ಳು ತೊಲಗಲೆಂದು ಮೂರು ಸಲ ಬೇಡಿದ, ಅದು ತೊಲಗಲಿಲ್ಲ. ಹಾಗಾದರೆ ಪೌಲನಿಗೆ ವಿಶ್ವಾಸವಿರಲಿಲ್ಲವೇ? ಮೈಕಿನವರು ಉತ್ತರ ಕೊಡಲಿ. ಪ್ರಾರ್ಥನೆ ಮಾಡಿ, ಜಪಮಾಲೆ ಹಿಡಿಯಿರಿ, ಸ್ವಾಮಿಗಳನ್ನು ಕರೆದು ರೋಗಿಗಳ ಅಭ್ಯಂಗವನ್ನೂ ಮೊದಲೇ ಕೊಡಿಸಿ. ಅದು ಸಾಯುವವರಿಗೆ ಮಾತ್ರವಲ್ಲವೆಂದು ಎರಡನೆಯ ವ್ಯಾಟಿಕನ್ ಸಭೆ 1963ರಲ್ಲೇ ಹೇಳಿದೆ. ಆದರೆ ಮದ್ದಿನ ತಾರೀಕು ತಪ್ಪಿಸಬೇಡಿ.

ಇನ್ನು ‘ಯಾರ ಪಾಪದ ಫಲವೋ’ ಎಂದು ಬಾಗಿಲಲ್ಲಿ ನಿಂತು ಹೇಳುವವರು. ಅವರು ಪರರಲ್ಲ, ಭಾನುವಾರ ಪೂಜೆಯಲ್ಲಿ ನಮ್ಮ ಪಕ್ಕದಲ್ಲೇ ಮೊಣಕಾಲೂರುವವರು. ಯೋಬನ ಗೆಳೆಯರು ಏಳು ದಿನ ಮಾತಾಡದೆ ಅವನ ಜೊತೆ ನೆಲದ ಮೇಲೆ ಕುಳಿತರು. ಅದೊಂದೇ ಅವರು ಮಾಡಿದ ಒಳ್ಳೆಯ ಕೆಲಸ. ಬಾಯಿ ತೆರೆದು ಪಾಪದ ಲೆಕ್ಕ ಹಾಕಿದಾಗ ದೇವರು ಕೋಪಿಸಿಕೊಂಡದ್ದು ಯೋಬನ ಮೇಲಲ್ಲ, ಅವರ ಮೇಲೆ. ಕ್ಯಾನ್ಸರ್ ಅಂಟುರೋಗವಲ್ಲ. ಅವರ ಲೋಟದಲ್ಲಿ ಟೀ ಕುಡಿದರೆ ಬರುವುದಿಲ್ಲ. ಚೂರು ತೆಗೆದು ಪರೀಕ್ಷಿಸಿದರೆ ರೋಗ ಕೆರಳುತ್ತದೆ ಎಂಬುದೂ ಸುಳ್ಳು.

ಹೆಂಡತಿಗೆ ರೋಗವೆಂದ ಕೂಡಲೇ ಅವಳನ್ನು ತವರಿಗೆ ಕಳಿಸಿ ಕೈತೊಳೆದುಕೊಳ್ಳುವ ಗಂಡಸರೇ, ನಿಮಗೂ ಒಂದು ಮಾತು. ಅವನು ಮಂಚ ಹಿಡಿದರೆ ಅವಳು ಬಿಟ್ಟುಹೋಗುವುದಿಲ್ಲ. ಅವಳು ಹಿಡಿದರೆ ನೀವೇಕೆ ಹೋಗುತ್ತೀರಿ? ಪೀಠದ ಮುಂದೆ ಕೊಟ್ಟ ಮಾತಿನಲ್ಲಿ ಅನಾರೋಗ್ಯವೂ ಸೇರಿತ್ತಲ್ಲವೇ?

ಮೂರನೆಯ ಜಗಳ: ಮಾಲೀಕರ ಮೇಲೆ, ನಮ್ಮ ಯೂನಿಯನ್ನಿನ ಮೇಲೆ

ಒಂದು ಲೆಕ್ಕ ಹಾಕೋಣ. 20 ದಿನ ದುಡಿದರೆ 1 ದಿನ ಸಂಬಳದ ರಜೆ. ಹಳೆಯ ಕಾಯ್ದೆಯಲ್ಲೂ ಹೊಸ ಸಂಹಿತೆಯಲ್ಲೂ ಇದೇ ದರ. ವರ್ಷಕ್ಕೆ 300 ದಿನ ದುಡಿದವನಿಗೆ 15 ದಿನ. ಗರ್ಭಕೊರಳಿನ ಕ್ಯಾನ್ಸರಿಗೆ ಕರೆಂಟು ಕೊಡುವುದು ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಸುಮಾರು 5 ವಾರ, ಅಂದರೆ 25 ದಿನ. ಹೆಂಡತಿಯ ಕೈಹಿಡಿದು ಹೋಗುವ ಗಂಡನ ರಜೆ ಅಲ್ಲೇ ಮುಗಿಯಿತು. ಸ್ಕ್ಯಾನಿಗೆ, ರಕ್ತ ಪರೀಕ್ಷೆಗೆ, ತಪಾಸಣೆಗೆ ಹೋದ ದಿನಗಳೆಲ್ಲ ಹಾಜರಿ ಪುಸ್ತಕದಲ್ಲಿ ಸೊನ್ನೆ. ಕಾಯಿಲೆ ಬಿದ್ದವಳಿಗೆ ಕಾಯಿಲೆ ರಜೆಯಾದರೂ ಇದೆ. ಅವಳನ್ನು ಕರೆದೊಯ್ಯುವವನ ರಜೆಗೆ ಹೆಸರೇ ಇಲ್ಲ.

1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕನಿಗೂ ಅವನ ಕುಟುಂಬಕ್ಕೂ ವೈದ್ಯಸೌಲಭ್ಯ ಕೊಡುವ ಹೊಣೆಯನ್ನು ಮಾಲೀಕನ ಮೇಲೆ ಹಾಕಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಂಹಿತೆ ಬಂದಿದೆ. ಕುಟುಂಬದ ಆರೋಗ್ಯದ ಹೊಣೆ ಅದರಲ್ಲೂ ಮಾಲೀಕನ ತಲೆಯಿಂದ ಇಳಿದಿಲ್ಲ. ವೈದ್ಯಸಹಾಯ ಕಾರ್ಮಿಕನಿಗೆ ಸುಲಭವಾಗಿ, ಅಗ್ಗವಾಗಿ, ಆದಷ್ಟು ಉಚಿತವಾಗಿಯೇ ಸಿಗಬೇಕೆಂದು ಎರಡನೆಯ ಜಾನ್ ಪಾಲ್ ಪೋಪರು 1981ರ ತಮ್ಮ ಶ್ರಮದ ಕುರಿತ ಪತ್ರದಲ್ಲಿ ಬರೆದರು. ಇಲ್ಲಿ ನಾನು ನೋಡಿದ ಡಿಸ್ಪೆನ್ಸರಿಗಳಲ್ಲಿ ಎದೆಯ ಗಂಟಿಗೂ ತಲೆನೋವಿಗೂ ಒಂದೇ ಬಿಳಿ ಮಾತ್ರೆ. ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಡಲು ‘ನಾಳೆ ಬಾ’. ಆ ‘ನಾಳೆ’ಗಳಲ್ಲಿ ರೋಗ ಒಂದು ಹಂತ ಏರುತ್ತದೆ.

ನಮ್ಮ ಯೂನಿಯನ್ ಏನು ಮಾಡಿದೆ? ಬೋನಸ್ಸಿಗೆ ಗೇಟಿನ ಮುಂದೆ ಕೂರುತ್ತೇವೆ, ಸರಿ. ದಿನಗೂಲಿಗೆ ಕೂರುತ್ತೇವೆ, ಸರಿ. ರೋಗಿಯ ಜೊತೆ ಹೋಗುವವರ ರಜೆಯನ್ನು ಬೇಡಿಕೆ ಪಟ್ಟಿಯಲ್ಲಿ ಸೇರಿಸಿದ್ದನ್ನು ನಾನು ನೋಡಿಲ್ಲ. ಪಟ್ಟಿ ಬರೆಯಲು ಕುಳಿತವರಲ್ಲಿ ನಾನೂ ಇದ್ದೆ. ನನ್ನ ಮನೆಗೆ ಬರುವವರೆಗೆ ನನಗೂ ಹೊಳೆಯಲಿಲ್ಲ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ತಿಳಿದಿರಬೇಕಾದದ್ದು

ಮಾನಂತವಾಡಿಯ ಹತ್ತಿರ ನಲ್ಲೂರನಾಡಿನಲ್ಲಿ ಸರ್ಕಾರಿ ಕ್ಯಾನ್ಸರ್ ಕೇಂದ್ರವಿದೆ. ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್, ತಿರುವನಂತಪುರದಲ್ಲಿ 1981ರಲ್ಲಿ ಆರಂಭವಾದ ಪ್ರಾದೇಶಿಕ ಕೇಂದ್ರ, ಬೆಂಗಳೂರಿನಲ್ಲಿ ಕಿದ್ವಾಯಿ ಇವೆ. ಬೆಂಗಳೂರಿಗೆ ಹೋಗುವವರು ನೆನಪಿಡಿ: ಬಂಡೀಪುರದ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಆಂಬುಲೆನ್ಸಿಗೆ ತಡೆಯಿಲ್ಲ, ಬಾಡಿಗೆ ಜೀಪಿಗೆ ಇದೆ. ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಕಾರ್ಡಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಚಿಕಿತ್ಸೆ. ಕಾರ್ಡು ಇದೆಯೇ ಎಂದು ರೋಗ ಬರುವ ಮೊದಲೇ ನೋಡಿಕೊಳ್ಳಿ. ಸ್ವಂತದ ಅಥವಾ ಮನೆಯವರ ಕ್ಯಾನ್ಸರಿಗೆ ಪಿ.ಎಫ್. ಹಣದಿಂದ ತೆಗೆಯಬಹುದು. ಆಸ್ಪತ್ರೆಯ ಸರ್ಟಿಫಿಕೇಟಿನ ಮೇಲೆ ಚಿಕಿತ್ಸೆಗೆ ಹೋಗುವ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿ, ಜೊತೆಗಾರನಿಗೆ ನೂರಕ್ಕೆ 75.

ನೋವಿಗೆ ಮದ್ದಿದೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಶುರುವಾದ ನೋವು ಶಮನದ ಕೆಲಸ ಈಗ ಕೇರಳದ ಪಂಚಾಯಿತಿಗಳಿಗೆ ಹಬ್ಬಿದೆ. 2008ರಲ್ಲಿ ಸರ್ಕಾರವೇ ಇದಕ್ಕೊಂದು ನೀತಿ ಮಾಡಿತು. ನರ್ಸು ಮನೆಗೇ ಬರುತ್ತಾರೆ. ಅವರು ಬಂದರೆ ಸಾವು ಬಂತೆಂದು ಬಾಗಿಲು ಹಾಕಬೇಡಿ, ಚಿಕಿತ್ಸೆ ನಡೆಯುತ್ತಿರುವಾಗಲೂ ಅವರ ಸಹಾಯ ಪಡೆಯಬಹುದು. ‘ನೋವು ಸಹಿಸು, ಪುಣ್ಯ’ ಎನ್ನುವವರು ಕೇಳಲಿ: ನೋವು ತಗ್ಗಿಸುವ ಮದ್ದು ತೆಗೆದುಕೊಳ್ಳುವುದು ತಪ್ಪಲ್ಲವೆಂದು ಹನ್ನೆರಡನೆಯ ಪಿಯೂಸ್ ಪೋಪರು 1957ರಲ್ಲೇ ಹೇಳಿದ್ದಾರೆ.

ನಮ್ಮ ಬೇಡಿಕೆ, ನಮ್ಮ ಕರ್ತವ್ಯ

1. ಚಿಕಿತ್ಸೆಗೆ ಜೊತೆ ಹೋಗುವ ಗಂಡ ಅಥವಾ ಹೆಂಡತಿಗೆ ಸಂಬಳದ ರಜೆ. ಮುಂದಿನ ಒಪ್ಪಂದದ ಪಟ್ಟಿಯಲ್ಲಿ ಇದು ಇರಲೇಬೇಕು.

2. ಡಿಸ್ಪೆನ್ಸರಿಯಿಂದ ಅದೇ ದಿನ ಚೀಟಿ, ಎಸ್ಟೇಟಿನ ವಾಹನ.

3. ಚಿಕಿತ್ಸೆ ನಡೆಯುವಷ್ಟು ಕಾಲ ಪಾಡಿಯ ಮನೆಯ ಮಾತು ಯಾರೂ ಎತ್ತಬಾರದು.

4. ವರ್ಷಕ್ಕೊಮ್ಮೆ ಹೆಂಗಸರಿಗೆ ಎದೆ ಮತ್ತು ಗರ್ಭಕೊರಳಿನ ತಪಾಸಣೆ. ಎಲೆ, ಅಡಿಕೆ, ಹೊಗೆಸೊಪ್ಪು ಜಗಿಯುವ ಎಲ್ಲರ ಬಾಯಿಯ ತಪಾಸಣೆ.

5. ಇದು ನಮ್ಮ ಕೈಯಲ್ಲೇ ಇದೆ: ಪ್ರತಿ ಪಾಡಿಯಲ್ಲಿ ಇಬ್ಬರು ಜೊತೆಗಾರರು. ಒಬ್ಬರು ಆಸ್ಪತ್ರೆಗೆ ಹೋಗಲು, ಒಬ್ಬರು ಮಕ್ಕಳಿಗೆ ಗಂಜಿ ಬೇಯಿಸಲು. ಹೊಟ್ಟೆ ಬಟ್ಟೆಗಿಲ್ಲದವನಿಗೆ ಬರೀ ಸಮಾಧಾನದ ಮಾತು ಹೇಳಿ ಕಳಿಸುವವರನ್ನು ಸಂತ ಯಾಕೋಬ ಏನೆಂದು ಕೇಳಿದ್ದಾನೆಂದು ಅವನ ಪತ್ರದ ಎರಡನೆಯ ಅಧ್ಯಾಯದಲ್ಲಿ ಓದಿಕೊಳ್ಳಿ.

ನನ್ನ ಮನೆಯಾಕೆ ಈಗ ಹೇಗಿದ್ದಾಳೆ ಎಂದು ಕೇಳುತ್ತೀರಿ. ಮೂರು ತಿಂಗಳಿಗೊಮ್ಮೆ ಇಬ್ಬರೂ ತಪಾಸಣೆಗೆ ಹೋಗುತ್ತೇವೆ. ಹಿಂದಿನ ರಾತ್ರಿ ಇಬ್ಬರಿಗೂ ನಿದ್ರೆಯಿಲ್ಲ. ಮುಂದೇನು ಎಂದು ಡಾಕ್ಟರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆದರೆ ಡಾಕ್ಟರಿಗೆ ಗೊತ್ತಿರುವಷ್ಟು ಈಗ ಇಬ್ಬರಿಗೂ ಗೊತ್ತಿದೆ. ನೋಟುಬುಕ್ಕು ಅವಳ ಕೈಯಲ್ಲೇ ಇರುತ್ತದೆ. ನಾಳೆಯದನ್ನು ದೇವರಿಗೆ ಬಿಟ್ಟು ಇವತ್ತಿನ ಮಾತ್ರೆ, ಇವತ್ತಿನ ಗಂಜಿ, ಇವತ್ತಿನ ಜಪ ಮಾಡಿ ಮುಗಿಸುತ್ತೇವೆ. ಗೆತ್ಸೆಮನೆಯ ತೋಟದಲ್ಲಿ ಪ್ರಭು ಬೆವರಿಳಿಸಿ ಪ್ರಾರ್ಥಿಸಿದಾಗ ಶಿಷ್ಯರಲ್ಲಿ ಕೇಳಿದ್ದು ಒಂದೇ, ತನ್ನ ಜೊತೆ ಎಚ್ಚರವಾಗಿರಿ ಎಂದು. ಅವರು ನಿದ್ದೆ ಮಾಡಿದರು.

ನಮ್ಮ ತೋಟದಲ್ಲಿ ಹಾಗಾಗಬಾರದು. ಇಂದು ರಾತ್ರಿಯೂ ಯಾವುದೋ ಪಾಡಿಯಲ್ಲಿ ದೀಪ ಆರಿಲ್ಲ. ಹೋಗಿ ಬಾಗಿಲು ತಟ್ಟಿ.

ಕ್ರಿಸ್ತನ ಸೇವೆಯಲ್ಲಿ,
ನಿಮ್ಮ ಉಪದೇಶಿ