ದಿನಕ್ಕೆ 100 ರೂಪಾಯಿಯ ಮಾತು ಏನಾಯಿತು?

ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಅವರಿಗೆ,



ಯುಪಿಐ ಪಾವತಿ ನಡುದಾರಿಯಲ್ಲಿ ಸಿಕ್ಕಿಬಿದ್ದು ಖಾತೆಯಿಂದ ಹಣ ಕಳೆದುಕೊಂಡ ಗ್ರಾಹಕರು, ಸರಕು ಕೊಟ್ಟೂ ಹಣ ಕಾಣದ ಅಂಗಡಿಯವರು ಆ್ಯಪ್‌ನಲ್ಲಿ ದೂರು ಕೊಟ್ಟದ್ದಾಯಿತು, ಬ್ಯಾಂಕಿಗೆ ಬರೆದದ್ದಾಯಿತು, ಶಾಖೆಗೆ ಅಲೆದದ್ದೂ ಆಯಿತು. ಹಣ ಮರಳಿ ಜಮಾ ಆಗಿದೆ, ದೂರು ಇತ್ಯರ್ಥವಾಗಿದೆ ಎಂಬ ಎರಡು ಸಾಲು ಬಿಟ್ಟರೆ ಅವರಿಗೆ ಬೇರೆ ಉತ್ತರ ಸಿಗುತ್ತಿಲ್ಲ. ತಡವಾದ ದಿನಗಳಿಗೆ ಕೊಡಬೇಕಾದ ಪರಿಹಾರದ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಆ ಪರಿಹಾರವನ್ನು ಗೊತ್ತುಮಾಡಿದ್ದು ನಿಮ್ಮದೇ ಸಂಸ್ಥೆ. 2019ರ ಸೆಪ್ಟೆಂಬರ್ 20ರ ಸುತ್ತೋಲೆ ಅದೇ ವರ್ಷದ ಅಕ್ಟೋಬರ್ 15ರಿಂದ ಜಾರಿಗೆ ಬಂತು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣ ತಲುಪದಿದ್ದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟ ಹಣವಾದರೆ 5 ದಿನದೊಳಗೆ ಅದು ತಾನಾಗಿ ವಾಪಸಾಗಬೇಕು. ಮೀರಿದರೆ ದಿನಕ್ಕೆ 100 ರೂಪಾಯಿ. ಇದಕ್ಕಿಂತ ಮುಖ್ಯವಾದದ್ದು ಅದರಲ್ಲಿರುವ ಇನ್ನೊಂದು ನಿಯಮ: ಗ್ರಾಹಕ ದೂರು ಕೊಡಲಿ ಎಂದು ಕಾಯದೆ ಬ್ಯಾಂಕ್ ತಾನಾಗಿಯೇ ಈ ಪರಿಹಾರವನ್ನು ಖಾತೆಗೆ ಹಾಕಬೇಕು. ನಾನು ಕೇಳುತ್ತಿರುವುದು ಆ ಮಾತಿನ ಲೆಕ್ಕವನ್ನು.

2016ರ ಏಪ್ರಿಲ್‌ನಲ್ಲಿ ಶುರುವಾದ ಯುಪಿಐಯಿಂದ ಆದ ಉಪಕಾರ ಸಣ್ಣದಲ್ಲ. ಚಿಲ್ಲರೆಯ ಜಗಳ ನಿಂತಿತು, ಖೋಟಾ ನೋಟಿನ ಭಯ ಹೋಯಿತು, ದಿನದ ಗಳಿಕೆಯನ್ನು ಸೊಂಟಕ್ಕೆ ಕಟ್ಟಿಕೊಂಡು ರಾತ್ರಿ ಮನೆಗೆ ನಡೆಯುವ ಆತಂಕ ಸಂತೆಯ ವ್ಯಾಪಾರಿಗೆ ಕಡಿಮೆಯಾಯಿತು. ಕಾಗದಪತ್ರವೇ ಇಲ್ಲದಿದ್ದ ಗೂಡಂಗಡಿಗೆ ವಹಿವಾಟಿನ ದಾಖಲೆ ಸಿಕ್ಕಿತು. 2020ರ ಜನವರಿಯಿಂದ ಅಂಗಡಿಯವರ ಮೇಲೆ ವಹಿವಾಟು ಶುಲ್ಕವನ್ನೂ ಹಾಕುವಂತಿಲ್ಲ. ಇವೆಲ್ಲ ಪಾವತಿ ಸರಾಗವಾಗಿ ನಡೆದಾಗಿನ ಲಾಭಗಳು, ಮತ್ತು ಕೊಳ್ಳುವವರು, ಮಾರುವವರು, ಬ್ಯಾಂಕುಗಳು, ಸರ್ಕಾರ ಎಲ್ಲರಿಗೂ ಹಂಚಿಹೋಗುತ್ತವೆ. ಪಾವತಿ ಕೆಟ್ಟಾಗ ಮಾತ್ರ ಹೊರೆ ಹಾಗೆ ಹಂಚಿಕೆಯಾಗುವುದಿಲ್ಲ. ಖಾತೆಯಿಂದ ಹಣ ಹೋಗಿದೆ, ಸೌಂಡ್‌ಬಾಕ್ಸ್ ಮಾತಾಡಿಲ್ಲ. ಕೊಳ್ಳುವವರು ಜೇಬಿನಿಂದ ಎರಡನೇ ಸಲ ಕೊಡಬೇಕು, ಇಲ್ಲವೇ ಮಾರುವವರು ನಂಬಿ ಸರಕು ಬಿಟ್ಟುಕೊಡಬೇಕು. ಕೆಟ್ಟದ್ದು ಯಾವುದೋ ಸರ್ವರ್‌ನಲ್ಲಿ, ಕಳ್ಳರಂತೆ ಒಬ್ಬರನ್ನೊಬ್ಬರು ಅನುಮಾನಿಸುವುದು ಇವರಿಬ್ಬರು. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶದ ಉದ್ದಗಲಕ್ಕೂ ಯುಪಿಐ ಕುಂಟಿದಾಗ ಆದದ್ದೂ ಇದೇ. ಹೀಗಿರುವಾಗ ತಕ್ಷಣ ಪರಿಹಾರ ಬೇಕಾದದ್ದು ಅಂಗಡಿಯ ಪಾವತಿಗೆ. ಆದರೆ ನಿಮ್ಮ ಸುತ್ತೋಲೆ 5 ದಿನ ಸಾವಕಾಶ ಕೊಟ್ಟಿರುವುದು ಆ ಪಾವತಿಗೇ. ಪರಿಹಾರ ಹೋಗುವುದು ಗ್ರಾಹಕರ ಖಾತೆಗೆ. ನಂಬಿ ಸರಕು ಕೊಟ್ಟ ಅಂಗಡಿಯವರ ನಷ್ಟದ ಪ್ರಸ್ತಾಪವೇ ಅಲ್ಲಿಲ್ಲ.

ಶುಲ್ಕವೇ ಇಲ್ಲದ ಸೇವೆಗೆ ದಂಡ ಕಟ್ಟುವುದು ಎಲ್ಲಿಂದ ಎಂದು ಬ್ಯಾಂಕುಗಳು ಕೇಳಬಹುದು. ಸಣ್ಣ ಅಂಗಡಿಗಳ ಪಾವತಿಗೆಂದೇ 2024–25ಕ್ಕೆ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿಯ ಪ್ರೋತ್ಸಾಹಧನಕ್ಕೆ ಒಪ್ಪಿಗೆ ಕೊಟ್ಟಿತ್ತು. ಅದು ಜನರ ತೆರಿಗೆಯ ದುಡ್ಡು. ಅದಿಲ್ಲದಿದ್ದರೂ, ನೀವು ಹೇಳಿದ 100 ರೂಪಾಯಿ ಸೇವೆಯ ಬೆಲೆಯಲ್ಲ, ಬೇರೆಯವರ ಹಣವನ್ನು ಗಡುವು ಮೀರಿ ಹಿಡಿದಿಟ್ಟುಕೊಂಡದ್ದಕ್ಕೆ ಕೊಡಬೇಕಾದದ್ದು. ಕೆಡುವ ಪಾವತಿಗಳು ತೀರಾ ಕಡಿಮೆ ಎನ್ನುವುದು ಇನ್ನೊಂದು ವಾದ. 2025ರ ಆಗಸ್ಟ್‌ನಲ್ಲಿ ತಿಂಗಳ ವಹಿವಾಟುಗಳ ಸಂಖ್ಯೆ 2,000 ಕೋಟಿ ದಾಟಿತು. ಸಾವಿರಕ್ಕೆ ಒಂದು ಕೆಟ್ಟರೂ ತಿಂಗಳಿಗೆ 2 ಕೋಟಿ ಪಾವತಿ. ಶೇಕಡಾವಾರಿನಲ್ಲಿ ಇದು ಕಾಣುವುದಿಲ್ಲ, ದಿನಗೂಲಿಯವರ ಖಾತೆಯಲ್ಲಿ ಚೆನ್ನಾಗಿ ಕಾಣುತ್ತದೆ. ಓಂಬುಡ್ಸ್‌ಮನ್ ಇದ್ದಾರಲ್ಲ, ಅವರಿಗೆ ದೂರು ಕೊಡಬಹುದು ಎಂದೂ ಹೇಳುತ್ತಾರೆ. ಅಲ್ಲಿಗೆ ಹೋಗುವ ಮೊದಲು ಬ್ಯಾಂಕಿಗೆ ಬರೆದು 30 ದಿನ ಕಾಯಬೇಕು. 60 ರೂಪಾಯಿಯ ಸೊಪ್ಪು ತರಕಾರಿಗೆ ಯಾರು ಕಾಯುತ್ತಾರೆ? ಅಷ್ಟಕ್ಕೂ, ದೂರು ಕೊಡುವ ಅಗತ್ಯವೇ ಇಲ್ಲ ಎಂದು ಬರೆದವರು ನೀವು!

ತಾಂತ್ರಿಕವಾಗಿ ಕಷ್ಟ ಎಂಬ ಸಬೂಬನ್ನಂತೂ ಒಪ್ಪಲಾಗದು. ಕನಿಷ್ಠ ಶಿಲ್ಕು ಇಲ್ಲವೆಂದು ದಂಡ ಹಾಕುವ ಬ್ಯಾಂಕುಗಳಿವೆ, ಎಸ್ಸೆಮ್ಮೆಸ್‌ಗೆ ಶುಲ್ಕ ಮುರಿದುಕೊಳ್ಳುವ ಬ್ಯಾಂಕುಗಳಿವೆ. ಅದಕ್ಕೆ ಯಾರೂ ಅರ್ಜಿ ಹಾಕಬೇಕಿಲ್ಲ, ಶಾಖೆಗೆ ಹೋಗಬೇಕಿಲ್ಲ, ಕಂಪ್ಯೂಟರ್ ತಾನೇ ಲೆಕ್ಕ ಹಾಕಿ ಕತ್ತರಿಸುತ್ತದೆ. ನಮ್ಮ ಖಾತೆಯಿಂದ ತಾನಾಗಿ ತೆಗೆಯಬಲ್ಲ ಯಂತ್ರ ನಮ್ಮ ಖಾತೆಗೆ ತಾನಾಗಿ ಹಾಕಲಾರದೇ? ಹಾಕಬಲ್ಲದು. ಹಾಕದಿದ್ದರೆ ಕೇಳುವವರಿಲ್ಲ ಎಂದು ಬ್ಯಾಂಕುಗಳಿಗೆ ಗೊತ್ತಿದೆ. ಕೇಳಬೇಕಾದವರು ನೀವು.

ನಂಬಿಕೆ ಹೇಗೆ ಕುಸಿಯುತ್ತದೆ ಎಂಬುದನ್ನು ಕರ್ನಾಟಕ 2025ರ ಜುಲೈನಲ್ಲೇ ಕಂಡಿದೆ. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಸಣ್ಣ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮರೆಯಾಗಿ ‘ನಗದು ಮಾತ್ರ’ ಎಂಬ ಫಲಕ ಬಂತು. ಅದು ತೆರಿಗೆಯ ವಿಷಯ, ನಿಮ್ಮ ವ್ಯಾಪ್ತಿಯಲ್ಲ. ವಹಿವಾಟು ಮುಚ್ಚಿಡುವವರ ಪರ ನಾನು ಮಾತಾಡುತ್ತಲೂ ಇಲ್ಲ. ಆದರೆ ಡಿಜಿಟಲ್‌ಗೆ ಬನ್ನಿ ಎಂದು ಕರೆದವರು, ಬಂದವರ ಕಷ್ಟಕ್ಕೆ ಆಗಲಿಲ್ಲ ಎಂಬ ಭಾವನೆ ಅಲ್ಲಿಯೂ ಇತ್ತು, ಇಲ್ಲಿಯೂ ಇದೆ. ನಮ್ಮ ಲೆಕ್ಕ ನಿಮಗೆಲ್ಲ ಪೈಸೆ ಪೈಸೆಗೂ ಕಾಣುತ್ತದೆ. ನಿಮ್ಮ ಲೆಕ್ಕ ನಮಗೇಕೆ ಕಾಣಬಾರದು?

ಯಾವ ಬ್ಯಾಂಕಿನಲ್ಲಿ ಶೇಕಡಾ ಎಷ್ಟು ಪಾವತಿ ಕೆಟ್ಟಿತು, ಎಷ್ಟು ವಾಪಸಾಯಿತು ಎಂದು ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ ಪ್ರತಿ ತಿಂಗಳೂ ಪಟ್ಟಿ ಹಾಕುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಬರಲಿ: ಎಷ್ಟು ಹಣ ಗಡುವು ಮೀರಿ ಬಂತು, ದೂರಿಲ್ಲದೆ ಎಷ್ಟು ಪರಿಹಾರ ಸಂದಿತು. ಅಂಗಡಿ ಪಾವತಿಯ ಗಡುವನ್ನು 5 ದಿನದಿಂದ ಮರುದಿನಕ್ಕೆ ಇಳಿಸಿ. ಮಾರಾಟಗಾರರ ನಷ್ಟಕ್ಕೂ ಒಂದು ನಿಯಮ ಮಾಡಿ. ಮಾತು ತಪ್ಪಿದ ಬ್ಯಾಂಕಿಗೆ ದಂಡ ಹಾಕಿ, ಅದರ ಹೆಸರು ಪ್ರಕಟಿಸಿ. 2019ರ ಅಕ್ಟೋಬರ್ 15ರಿಂದ ಉಳಿಸಿಕೊಂಡಿರುವ ದಿನಕ್ಕೆ 100 ರೂಪಾಯಿಯ ಬಾಕಿಯನ್ನು ಬ್ಯಾಂಕುಗಳ ದಾಖಲೆಗಳಿಂದಲೇ ಲೆಕ್ಕ ಹಾಕಿಸಿ, ಯಾರ ಅರ್ಜಿಗೂ ಕಾಯದೆ ಅವರವರ ಖಾತೆಗೆ ಹಾಕಿಸಿ. ಯಾವ ತಾರೀಖಿನೊಳಗೆ ಎಂಬುದನ್ನು ಬಹಿರಂಗವಾಗಿಯೇ ತಿಳಿಸಿ.

ಇತಿ,
ಒಬ್ಬ ಖಾತೆದಾರ